ಮುಳುಗೋ ಚರ್ಚಿಗೆ ಬೇಸಿಗೆಯಲ್ಲಿ

ಶೆಟ್ಟಿಹಳ್ಳಿಯ ಚರ್ಚನ್ನು ಯಾವಾಗ ನೋಡಬೇಕು ಎಂಬ ವಿಷಯದಲ್ಲಿ ಬೆಂಗಳೂರಿನ ನಮ್ಮ ಜರಗನಹಳ್ಳಿಯ ಬೀದಿಯಲ್ಲಿ ಎರಡು ಪಕ್ಷಗಳಿವೆ. ಮಳೆಗಾಲದಲ್ಲಿ ಹೋಗಿ, ಮೇಲಿನ ಕಮಾನುಗಳಷ್ಟೇ ನೀರಿನ ಮೇಲೆ ಕಾಣುತ್ತವೆ, ಫೋಟೋ ಚೆನ್ನಾಗಿ ಬರುತ್ತದೆ ಎಂಬುದು ಒಂದು ಪಕ್ಷ. ಬೇಸಿಗೆಯಲ್ಲಿ ಹೋದರೆ ಒಳಗೇ ಓಡಾಡಬಹುದು, ತೆಪ್ಪದವನಿಗೆ ಕೊಡುವ ದುಡ್ಡೂ ಉಳಿಯುತ್ತದೆ ಎಂಬುದು ಇನ್ನೊಂದು. ನಾನು ಎರಡನೆಯದರ ಸದಸ್ಯ. ಅದು ಈಜು ಬಾರದವರ ಪಕ್ಷ.

ಕನಕಪುರ ರಸ್ತೆಯಿಂದ ನೈಸ್ ರಸ್ತೆ ಹತ್ತಿ, ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ದಾಟಿದರೆ ಹಾಸನ. ಅಲ್ಲಿಂದ ಸುಮಾರು 20 ಕಿ.ಮೀ. ಊರು ಹತ್ತಿರವಾದಾಗ ದಾರಿ ಕೇಳುವುದೇ ಬೇಡ, ಮುಂದೆ ಹೋಗುವ ಕೆಎ 05 ಕಾರುಗಳ ಹಿಂದೆ ಬಿದ್ದರೆ ಸಾಕು.

ಒಳಗೆ ಓಡಾಡಬಹುದು ಎಂದೆ. ಒಳಗು ಹೊರಗು ಎಂಬ ಭೇದ ಅಲ್ಲಿ ಉಳಿದಿಲ್ಲ. ಸೂರು ಹೋಗಿದೆ, ಚೂಪು ಕಮಾನುಗಳ ಸಾಲು ಬಿಸಿಲಿಗೆ ನಿಂತಿದೆ. ಪ್ರತಿವರ್ಷ ನೀರೇರಿ ಇಳಿದ ಗುರುತು ಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಕೂತಿದೆ. ಗಾರೆ ಉದುರಿದ ಕಡೆ ಇಟ್ಟಿಗೆ ಮುಟ್ಟಿದರೆ ಅಂಚು ಸವೆದ ಸೋಪಿನ ಹಾಗೆ ನುಣ್ಣಗೆ. ಕಾಲಡಿಯಲ್ಲಿ ಒಣಗಿ ಬಿರಿದ ಮೆಕ್ಕಲು, ಬಿರುಕಿನಲ್ಲಿ ಕಪ್ಪೆಚಿಪ್ಪು. ಪೂಜೆಯ ಪೀಠ ಇದ್ದಿರಬೇಕಾದ ದಿಕ್ಕಿನಲ್ಲಿ ಒಂದು ಹಸು ಮಲಗಿ ಮೆಲುಕು ಹಾಕುತ್ತಿತ್ತು. ಅದರೆದುರು ಮದುವೆಗೆ ಮುಂಚಿನ ಫೋಟೋಶೂಟ್. 'ಹಸು ಫ್ರೇಮಿಗೆ ಬರ್ತಾ ಇದೆ, ಓಡಿಸ್ರೀ' ಎಂದು ಫೋಟೋಗ್ರಾಫರ್ ಕೂಗಿದ. ಬಾಡಿಗೆ ಕೋಟಿನ ವರ ಎರಡು ಸಲ ಕೈ ಬೀಸಿದ. ಹಸು ಜಗ್ಗಲಿಲ್ಲ. ಗೋಡೆ ತುಂಬ ಮೊಳೆಯಲ್ಲಿ ಕೊರೆದ ಪ್ರೇಮಿಗಳ ಹೆಸರು. ಸೂರನ್ನು ಉಳಿಸದ ಹೇಮಾವತಿ ಹೊಳೆ ಇವನ್ನಾದರೂ ಅಳಿಸಬಾರದಿತ್ತೇ!

1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಅದನ್ನು ಇನ್ನೂ ಹಿಂದಕ್ಕೆ ಒಯ್ದು, ಅವರಿಗೂ ಮುಂಚಿನ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ತಲೆಗೆ ಕಟ್ಟುವವರೂ ಇದ್ದಾರೆ. ದುಬ್ವಾ ಹಾಸನ ಸೀಮೆಯಲ್ಲಿ ಕ್ರೈಸ್ತ ರೈತರನ್ನು ನೆಲೆ ನಿಲ್ಲಿಸಿದ್ದು, ಸಿಡುಬಿಗೆ ದೇವಿ ಹಾಕಿಸಿದ್ದು, ಇಲ್ಲಿಯ ಉಡುಪು ತೊಟ್ಟು ದೊಡ್ಡಸ್ವಾಮಿ ಎನಿಸಿಕೊಂಡದ್ದು ನಿಜ. ಆದರೆ ಆತ 1823ರಲ್ಲೇ ದೇಶ ಬಿಟ್ಟ. ಗಾರೆಗೆ ಬೆಲ್ಲ, ಮೊಟ್ಟೆ ಕಲಸಿದ್ದರಂತೆ ಎಂದು ಅಲ್ಲಿ ಸಿಕ್ಕವರೆಲ್ಲ ಹೇಳುತ್ತಾರೆ. ಕರ್ನಾಟಕದಲ್ಲಿ ಬೀಳದೆ ನಿಂತ ಯಾವ ಹಳೆಯ ಗೋಡೆಯನ್ನೂ ಬೆಲ್ಲ ಮೊಟ್ಟೆಯಿಲ್ಲದೆ ನಮ್ಮ ಜನ ಒಪ್ಪುವುದಿಲ್ಲ.

ಭಕ್ತರಿಲ್ಲದೆ ಪಾಳು ಬಿದ್ದ ಚರ್ಚಲ್ಲ ಇದು. ಕಾರಣ ಇರುವುದು ಹತ್ತಿರದ ಗೊರೂರಿನಲ್ಲಿ. ಗೊರೂರು ಎಂದರೆ ಓದುವವರಿಗೆ ರಾಮಸ್ವಾಮಿ ಅಯ್ಯಂಗಾರರ ಊರು, 'ನಮ್ಮ ಊರಿನ ರಸಿಕರು' ಓಡಾಡಿದ ಊರು. ಎಂಜಿನಿಯರರಿಗೆ ಹೇಮಾವತಿ ಅಣೆಕಟ್ಟಿನ ಜಾಗ. 1979ರಲ್ಲಿ ಮುಗಿದ ಆ ಅಣೆಕಟ್ಟಿನ ಹಿನ್ನೀರು ಹೊಲ, ಮನೆ, ಬಾವಿಗಳನ್ನು ನುಂಗಿತು. ಜನ ಗಂಟುಮೂಟೆ ಕಟ್ಟಿ ಎತ್ತರದ ಕಡೆಗೆ ಹೋದರು. ಜಪಸರದ ಮಾತೆಯ ಈ ಗುಡಿಯನ್ನು ಹೊತ್ತೊಯ್ಯುವುದು ಹೇಗೆ? ಅದೊಂದು ನಿಂತಲ್ಲೇ ನಿಂತಿತು. ಈಚಿನ ಮಳೆಗಳಿಗೆ ಗೋಡೆಯ ಭಾಗವೂ ಕುಸಿದಿದೆ. ನಾವು 'ಎಷ್ಟು ಚೆಂದ' ಎನ್ನುವುದು ಇನ್ನೊಬ್ಬರು ಊರು ಬಿಟ್ಟ ಲೆಕ್ಕದ ಮೇಲೆ ನಿಂತು.

ಆ ಲೆಕ್ಕದಲ್ಲಿ ಜರಗನಹಳ್ಳಿಗೂ ಪಾಲಿದೆ. ಗೊರೂರಿನಿಂದ ಬಿಟ್ಟ ಹೇಮಾವತಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಶಿವನಸಮುದ್ರದ ಮೇಲುಗಡೆ ಎತ್ತಿಕೊಂಡ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪು ಮಾಡಿ, ಸುಮಾರು ಅರ್ಧ ಕಿಲೋಮೀಟರು ಎತ್ತರಕ್ಕೆ ಏರಿಸಿ, ಕನಕಪುರ ರಸ್ತೆಯ ಮಗ್ಗುಲಲ್ಲೇ ಬೆಂಗಳೂರಿಗೆ ತರುತ್ತಾರೆ. ಶೆಟ್ಟಿಹಳ್ಳಿಯ ಕಮಾನುಗಳನ್ನು ಬಳಸಿ ಬಂದ ನೀರಿನಲ್ಲಿ ನಮ್ಮ ಸಂಪಿಗೆಷ್ಟು ಬಿತ್ತು ಎಂದು ಬೇರ್ಪಡಿಸಿ ಹೇಳುವ ಮೀಟರು ಇಲ್ಲ, ಅಷ್ಟೆ.

ಇದನ್ನೆಲ್ಲ ವಿವರಿಸುತ್ತ ಪಕ್ಕದ ಮನೆಯವರಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅವರು ಕಮಾನು ನೋಡಲಿಲ್ಲ, ಇತಿಹಾಸಕ್ಕೂ ಕಿವಿಗೊಡಲಿಲ್ಲ. ಒಣಗಿ ಬಿರಿದ ನೆಲವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, "ಚರ್ಚು ಬುಡದವರೆಗೂ ಕಾಣ್ತಾ ಇದೆಯಲ್ಲ, ಈ ಸಲ ಟ್ಯಾಂಕರಿನವನಿಗೆ ಈಗಲೇ ಹೇಳಿಟ್ಟಿರೋದು ವಾಸಿ" ಎಂದರು.