ಕೆರೆಗೆ ಬೆಂಕಿ ಹತ್ತುತ್ತದೆಯೆ?

ವೈಟ್‌ಫೀಲ್ಡ್ ಬಳಿಯ ಶಾಲೆಯಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ, ದಹನಕ್ರಿಯೆಯ ಪಾಠದ ನಡುವೆ ಹುಡುಗನೊಬ್ಬ ಎದ್ದು, “ಸಾರ್, ಕೆರೆಗೆ ಬೆಂಕಿ ಹತ್ತುತ್ತದೆಯೆ?” ಎಂದು ಕೇಳಿದ್ದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಅಷ್ಟಕ್ಕೇ ಬಿಡದೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಇದನ್ನು ಓದುತ್ತಿರುವ ಅಂದಿನ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅದು ನೆನಪಿದ್ದೀತು.

೨೦೧೫ರ ಮೇ ತಿಂಗಳಲ್ಲಿ ಯಮಲೂರಿನ ಬಳಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. ೨೦೧೭ರ ಫೆಬ್ರವರಿಯಲ್ಲಿ ಮತ್ತೊಮ್ಮೆ. ೨೦೧೮ರ ಜನವರಿ ೧೯ರಂದು ಎದ್ದ ಉರಿಯನ್ನು ಆರಿಸಲು ಸುಮಾರು ಐದು ಸಾವಿರ ಸೈನಿಕರು ಬರಬೇಕಾಯಿತು. ಅದಾದ ಕೆಲವೇ ದಿನಗಳಲ್ಲಿ ಅಮೆರಿಕದ ಉತ್ತರ ಕೆರೋಲಿನಾದಿಂದ ಆ ಹುಡುಗನ ದೂರವಾಣಿ ಕರೆ ಬಂತು. “ಸಾರ್, ಈಗ ಬೆಂಚಿನಿಂದ ಇಳಿಯಲೆ?”

“ಇಳಿಯಪ್ಪ, ತಪ್ಪು ನನ್ನದೇ” ಎಂದೆ.

ಅವನು ನೆಲೆಸಿರುವ ಸೀಮೆಯಲ್ಲಿ ‘ಪೊಕೊಸಿನ್’ ಎಂಬ ಜೌಗು ನೆಲವಿದೆಯಂತೆ. ಆದಿವಾಸಿಗಳ ಭಾಷೆಯಿಂದ ಬಂದ ಆ ಹೆಸರಿಗೆ ದಿಬ್ಬದ ಮೇಲಿನ ಜೌಗು ಎಂದು ಅರ್ಥ ಹೇಳುವುದು ರೂಢಿ. ನೀರು ಬಹುಪಾಲು ಮಳೆಯದೇ ಆದ್ದರಿಂದ ಮಣ್ಣಿನಲ್ಲಿ ಸಾರ ಕಡಿಮೆ. ಸತ್ತ ಗಿಡಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂಡಿದ್ದೇ ಪೀಟ್. ಅದರ ಮೇಲೆ ನಿತ್ಯಹಸುರಿನ ಪೊದೆಗಳು ಹೆಣೆದುಕೊಂಡಿರುತ್ತವೆ. ಸಿಡಿಲಿನಿಂದ ಕಿಚ್ಚೆದ್ದಾಗ, ಪೀಟ್ ಒದ್ದೆಯಾಗಿದ್ದರೆ, ಪೊದೆ ಉರಿದರೂ ಬೇರು ಉಳಿದು ಮತ್ತೆ ಚಿಗುರುತ್ತದೆ. ಅಲ್ಲಿನ ಒಂದು ಜಾತಿಯ ಪೈನ್ ಮರದ ಕಾಯಿಗಳು ಅಂಟಿನಿಂದ ಬಿಗಿದಿದ್ದು, ಬೆಂಕಿಯ ಕಾವಿಗೆ ಬಿಚ್ಚಿ ಬೀಜ ಚೆಲ್ಲುತ್ತವೆ. ನೊಣ ಹಿಡಿಯುವ ವೀನಸ್ ಗಿಡದ ಚಿತ್ರವನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಅದರ ತವರು ಇಂಥ ಜೌಗುಗಳ ಅಂಚು. ಪೊದೆಯ ನೆರಳನ್ನು ಬೆಂಕಿ ತೆಗೆಯದಿದ್ದರೆ ಅದಕ್ಕೆ ಬಾಳಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ.

ಆದರೆ ಬೇಸಾಯಕ್ಕೆಂದು ಕಾಲುವೆ ತೋಡಿ ನೀರು ಬಸಿದ ಕಡೆ ಪೀಟೇ ಹೊತ್ತಿಕೊಳ್ಳುತ್ತದೆ. ೨೦೦೮ರಲ್ಲಿ ಅಲ್ಲಿ ಸಿಡಿಲಿನಿಂದ ಎದ್ದ ಕಿಚ್ಚು ಸುಮಾರು ನಲವತ್ತು ಸಾವಿರ ಎಕರೆಗೆ ಹರಡಿ, ತಿಂಗಳುಗಟ್ಟಲೆ ನೆಲದೊಳಗೇ ಹೊಗೆಯಾಡಿತು. ಈಗ ಕಾಲುವೆಗಳಿಗೆ ತಡೆ ಕಟ್ಟಿ ನೀರನ್ನು ಮರಳಿ ನಿಲ್ಲಿಸುತ್ತಿದ್ದಾರೆ.

ನಮ್ಮ ಕೆರೆಯ ಕಥೆ ತಿರುವುಮುರುವು. ಅಲ್ಲಿ ಸಾರದ ಕೊರತೆ, ಇಲ್ಲಿ ಅಜೀರ್ಣ. ನಗರದ ಕೊಳಚೆಯನ್ನುಂಡು ಜೊಂಡು, ಅಂತರಗಂಗೆ ಕೊಬ್ಬಿದವು. ಅಂಚಿನ ಹುಲ್ಲು ಒಣಗಿತು. ತಳದ ಕೆಸರು ಗಾಳಿಯಿಲ್ಲದೆ ಕೊಳೆತು ಮೀಥೇನ್ ಉಸಿರಿತು. ಉರಿದದ್ದು ನೀರಲ್ಲ, ನಾವು ನೀರಿಗೆ ಸುರಿದದ್ದು.

ನಮ್ಮದು ಕಟ್ಟಿದ ಕೆರೆ. ಅದನ್ನು ಹಗುರ ಮಾಡುತ್ತಿದ್ದುದು ಕಿಚ್ಚಲ್ಲ, ಗುದ್ದಲಿ. ಬೇಸಗೆಯಲ್ಲಿ ನಮ್ಮ ತಂದೆಯವರು ಎತ್ತಿನಗಾಡಿಯಲ್ಲಿ ಕೆರೆಗೋಡು ತಂದು ರಾಗಿಹೊಲಕ್ಕೆ ಹರಡುತ್ತಿದ್ದರು. ಗಾಡಿಯ ಹಿಂದೆ ಓಡುತ್ತಿದ್ದ ನನಗೆ ಅದರ ಹಸಿ ವಾಸನೆ ಈಗಲೂ ನೆನಪಿದೆ. ಹೊಲಗಳು ಲೇಔಟುಗಳಾದ ಮೇಲೆ ಹೂಳು ಯಾರಿಗೂ ಬೇಡವಾಯಿತು.

೨೦೨೦ರ ಬಳಿಕ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಕೆಲಸ ನಡೆದಾಗ ಅವನಿಗೆ ಹೇಳಿದೆ. “ಸಾರ್, ಆ ಹೂಳನ್ನು ಹೊಲಕ್ಕೆ ಹಾಕಬಹುದೆ?” ಎಂದು ಕೇಳಿದ. ಕಾರ್ಖಾನೆಗಳ ಲೋಹಾಂಶ ಸೇರಿದ ಹೂಳು, ಪರೀಕ್ಷಿಸದೆ ಹಾಕಬಾರದು ಎಂದೆ. ಈ ಸಲ ನನಗೆ ನಗು ಬರಲಿಲ್ಲ.