ನೆಗ್ಗಿದ ಕೊಡಪಾನ

ಬದಿಯಡ್ಕದ ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಅಜ್ಜಿಯ ಕಾಲದ ಅಲ್ಯುಮಿನಿಯಂ ಕೊಡಪಾನವೊಂದಿತ್ತು. ತಾಮ್ರದ್ದನ್ನು ಹೊತ್ತು ಹೊತ್ತು ಸೊಂಟ ಸೋತ ಮೇಲೆ ಅಜ್ಜಿ ಇದನ್ನು ತರಿಸಿಕೊಂಡಳಂತೆ. ಅಷ್ಟೇ ಗಾತ್ರದ ತಾಮ್ರದ ತೂಕದಲ್ಲಿ ಅಲ್ಯುಮಿನಿಯಂ ಮೂರನೆಯ ಒಂದು ಪಾಲೂ ತೂಗುವುದಿಲ್ಲ. ಹಗ್ಗ ಜಾರಿ ಅದು ಬಾವಿಗೆ ಬಿದ್ದದ್ದು ಎಷ್ಟು ಸಲವೋ! ಮೈಯೆಲ್ಲ ನೆಗ್ಗು, ಒಂದೊಂದು ನೆಗ್ಗಿಗೂ ಒಂದೊಂದು ಮಳೆಗಾಲದ ಕತೆ. ಆದರೆ ತುಕ್ಕು ಮಾತ್ರ ಹತ್ತಿರ ಸುಳಿಯಲಿಲ್ಲ. ಗೀರು ಬಿದ್ದಲ್ಲಿ ಗಾಳಿ ತಾಗಿದೊಡನೆ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದು ತಾನಾಗಿ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಈ ಪೊರೆಗೆ ಹುಳಿಯಾಗದು. ಅದಕ್ಕೇ ಇರಬೇಕು, ಮಜ್ಜಿಗೆಗೂ ಪುನರ್ಪುಳಿ ಸಾರಿಗೂ ಅಜ್ಜಿ ಕಲ್ಲಿನ ಮರಿಗೆಯನ್ನೇ ಹುಡುಕುತ್ತಿದ್ದಳು.

ಈ ಲೋಹದ ತವರು ನಮ್ಮ ಕಾಲಡಿಯಲ್ಲೇ ಇದೆ. ನಮ್ಮ ಮನೆಯ ಗೋಡೆಗೂ ಬೇಕಲ ಕೋಟೆಗೂ ಒದಗಿದ ಮುರಕಲ್ಲು ಮಳೆಯ ಕೈಕೆಲಸ. ಲಕ್ಷಾಂತರ ವರ್ಷಗಳ ಮಳೆ ಬಂಡೆಯನ್ನು ನೆನೆಸಿ, ಕರಗುವುದನ್ನೆಲ್ಲ ತೊಳೆದೊಯ್ದ ಮೇಲೆ ಹಿಂದುಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಅಲ್ಯುಮಿನಿಯಂ ಹೆಚ್ಚಾಗಿ ಉಳಿದಲ್ಲಿ ಅದಕ್ಕೆ ಬಾಕ್ಸೈಟ್ ಎಂದು ಹೆಸರು. ಕಾಞಂಗಾಡ್, ನೀಲೇಶ್ವರದ ಕಡೆ ಅದರ ನಿಕ್ಷೇಪಗಳಿವೆ.

ಆದರೆ ಕಲ್ಲಿನಿಂದ ಲೋಹವನ್ನು ಬಿಡಿಸುವುದು ಸುಲಭವಲ್ಲ. ಒಂದು ಕಿಲೋ ಅಲ್ಯುಮಿನಿಯಂಗೆ ಸುಮಾರು 14 ಯುನಿಟ್ ಕರೆಂಟು ಬೇಕು. 1943ರಲ್ಲಿ ಆಲುವಾದ ಬಳಿ ಅಲ್ಯುಮಿನಿಯಂ ತಯಾರಿ ಶುರುವಾದದ್ದು ಪಳ್ಳಿವಾಸಲಿನ ಜಲವಿದ್ಯುತ್ತನ್ನು ನೆಚ್ಚಿಯೇ. ಹಳೆಯ ಪಾತ್ರೆಯನ್ನು ಕರಗಿಸಲು ಅಷ್ಟೆಲ್ಲ ಬೇಡ. 660 ಡಿಗ್ರಿಯ ಶಾಖಕ್ಕೆ ಅದು ನೀರಾಗುತ್ತದೆ; ಹೊಸತನ್ನು ತೆಗೆಯಲು ಬೇಕಾದ ಶಕ್ತಿಯಲ್ಲಿ ನೂರಕ್ಕೆ ಐದು ಪಾಲು ಸಾಕು. ಮೊದಲ ಸಲ ಪಟ್ಟ ಪಾಡೆಲ್ಲ ಲೋಹದೊಳಗೇ ಗಂಟಾಗಿ ಉಳಿದಿರುತ್ತದೆ. ಇಂಥದ್ದನ್ನು ತೋಡಿಗೆ ಎಸೆದರೆ ಆ ಗಂಟನ್ನೇ ಎಸೆದಂತೆ.

ಕಳೆದ ವರ್ಷ ಕೊಡಪಾನದ ತಳ ತೂತಾಯಿತು. ಗುಜರಿಯವನು ಬಂದಾಗ ಅಮ್ಮ ಅದನ್ನು ತೆಂಗಿನ ನಾರಿನಲ್ಲಿ ತಿಕ್ಕಿ, ತೊಳೆದು, ಒರೆಸಿ ತಂದಳು.

"ಕರಗಿಸ್ಲಿಕ್ಕೆ ಹೋಗುವುದಲ್ವಾ ಅಕ್ಕ, ತೊಳೆದದ್ದು ಯಾಕೆ?" ಎಂದ ಅವನು, ತಕ್ಕಡಿ ಹಿಡಿದು.

"ಆಮೇಲೆ ಯಾರದ್ದೋ ಮನೆಗೆ ಹೋಗ್ಲಿಕ್ಕುಂಟಲ್ಲ" ಎಂದಳು ಅಮ್ಮ.