ಪಟ್ನಾದಿಂದ ಪಾಲಂವರೆಗೆ

ಸೇತುವೆ ಕಾಮಗಾರಿಗೆಂದು ಬಿಹಾರಕ್ಕೆ ಹೋಗಿದ್ದ ನಮ್ಮವರಿಗೆ ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ ಹರಡಿತು. ಫರೀದಾಬಾದಿನಿಂದ ನಾನು ಪಟ್ನಾ ಮುಟ್ಟುವಷ್ಟರಲ್ಲಿ ವೆಂಟಿಲೇಟರ್ ಹಾಕಿಯಾಗಿತ್ತು. "ದೆಹಲಿಗೆ ಒಯ್ಯಿರಿ, ಆದರೆ ರಸ್ತೆಯಲ್ಲಿ ಬೇಡ" ಎಂದರು ಡಾಕ್ಟರು. ಮೈದುನ ಊರಿನ ಹೊಲ ಅಡವಿಟ್ಟು ಹಣ ಕಳಿಸಿದ. ಸಂಜೆಗೆ ಏರ್ ಆಂಬುಲೆನ್ಸ್ ಬಂತು.

ಒಳಗೆ ನೆಟ್ಟಗೆ ನಿಲ್ಲುವಷ್ಟೂ ಎತ್ತರವಿಲ್ಲ. ಸೀಟು ಕಿತ್ತು ಸ್ಟ್ರೆಚರ್ ಬಿಗಿದಿದ್ದರು. ಅವರ ಕಾಲ ಬಳಿ ನಾನು, ತಲೆಯ ಬಳಿ ಡಾಕ್ಟರ್ ಮತ್ತು ನರ್ಸ್. ವಿಮಾನ ಮೇಲೇರಿದ ಹಾಗೆ ಮಾನಿಟರಿನಲ್ಲಿ ಆಕ್ಸಿಜನ್ ಮಟ್ಟ ಇಳಿಯತೊಡಗಿತು. ಎತ್ತರ ಹೆಚ್ಚಿದಂತೆ ಕ್ಯಾಬಿನ್ನಿನೊಳಗಿನ ಗಾಳಿಯ ಒತ್ತಡ ತಗ್ಗುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ, ಸೋತ ಶ್ವಾಸಕೋಶಕ್ಕೆ ಅದೇ ಭಾರ. ಡಾಕ್ಟರು ಪೈಲಟ್‌ಗೆ ಕೆಳಗೇ ಹಾರಲು ಹೇಳಿದರು. ಕೆಳಗೆ ಹಾರಿದರೆ ಇಂಧನ ಹೆಚ್ಚು ಸುಡುತ್ತದೆ, ಕುಲುಕಾಟವೂ ಹೆಚ್ಚು. ನರ್ಸ್ ಬಾಗಿ ನಿಂತು ಗಂಟಲಿನ ನಳಿಕೆ ಅಲ್ಲಾಡದಂತೆ ದಾರಿಯುದ್ದಕ್ಕೂ ಹಿಡಿದುಕೊಂಡಿದ್ದಳು.

ದೆಹಲಿ ಸಮೀಪಿಸುವಾಗ ಆಂಧಿ ಎದ್ದಿತ್ತು. ಮೇ ತಿಂಗಳ ಈ ಧೂಳುಗಾಳಿ ಇಲ್ಲಿನವರಿಗೆ ಹೊಸದಲ್ಲ. ಇಳಿಯಲು ಅನುಮತಿ ಸಿಗದೆ ವಿಮಾನ ಸುತ್ತು ಹೊಡೆಯತೊಡಗಿತು. ಫರೀದಾಬಾದಿನವರು ಯಾರೂ ಮರೆಯದ ರಾತ್ರಿಯೊಂದಿದೆ: 2011ರ ಮೇ 25. ಇದೇ ಪಟ್ನಾದಿಂದ ರೋಗಿಯೊಬ್ಬನನ್ನು ದೆಹಲಿಗೆ ತರುತ್ತಿದ್ದ ಒಂಟಿ ಎಂಜಿನ್ನಿನ ಪಿಲಾಟಸ್ ವಿಮಾನ ಕೆಟ್ಟ ಹವೆಗೆ ಸಿಕ್ಕಿ ಪರ್ವತೀಯ ಕಾಲೊನಿಯ ಮನೆಗಳ ಮೇಲೆ ಬಿತ್ತು. ಒಳಗಿದ್ದ ಏಳು ಮಂದಿ, ಮನೆಗಳಲ್ಲಿದ್ದ ಮೂವರು ತೀರಿಕೊಂಡರು. ಆ ಹೊತ್ತಿನಲ್ಲಿ ಅದು ಬಿಟ್ಟು ಬೇರೇನೂ ನನಗೆ ನೆನಪಾಗಲಿಲ್ಲ.

ಡಾಕ್ಟರ ಕಣ್ಣು ಮಾತ್ರ ಸಿಲಿಂಡರಿನ ಮುಳ್ಳಿನ ಮೇಲಿತ್ತು. ಆಕ್ಸಿಜನ್ ತಗ್ಗಿಸಿದರೆ ಸಿಲಿಂಡರ್ ಇನ್ನಷ್ಟು ಹೊತ್ತು ಬರುತ್ತದೆ, ರೋಗಿ ಕುಸಿಯುತ್ತಾನೆ. ಜೈಪುರಕ್ಕೆ ತಿರುಗಿಸುವುದೇ ಎಂದು ಪೈಲಟ್ ಕೇಳಿದಾಗ ಡಾಕ್ಟರು ತಲೆಯಾಡಿಸಿ, "ಅಲ್ಲಿಯವರೆಗೆ ಬರುವುದಿಲ್ಲ" ಎಂದರು. ಆಕ್ಸಿಜನ್ ಬಗ್ಗೆ ಹೇಳಿದರೋ ನಮ್ಮವರ ಬಗ್ಗೆಯೋ, ಕೇಳುವ ಧೈರ್ಯ ನನಗಿರಲಿಲ್ಲ. ನಮ್ಮವರ ಪಾದ ಹಿಡಿದು ಕೂತೆ. ಕೊನೆಗೆ ಗಾಳಿ ತುಸು ಇಳಿದು ದೆಹಲಿಯ ಪಾಲಂ ನಿಲ್ದಾಣದಲ್ಲಿ ಚಕ್ರ ನೆಲ ಮುಟ್ಟಿತು.

ಅವರು ಬದುಕಿದರು. ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು.

ಪಟ್ನಾದ ಐಸಿಯುನಲ್ಲಿ ಪಕ್ಕದ ಹಾಸಿಗೆಯ ಹುಡುಗನನ್ನೂ ದೆಹಲಿಗೆ ಒಯ್ಯಲು ಹೇಳಿದ್ದರು. ಅವನ ತಂದೆ ವಿಮಾನದ ದರ ಕೇಳಿ ಸುಮ್ಮನಾದರು. ಆಸ್ಟ್ರೇಲಿಯಾದಲ್ಲಿ ಪಾದ್ರಿ ಜಾನ್ ಫ್ಲಿನ್ 1928ರಲ್ಲೇ ಕ್ಲಾನ್‌ಕರಿ ಎಂಬ ಊರಿನಿಂದ, ವೈದ್ಯರೇ ಇಲ್ಲದ ಸೀಮೆಗಳಿಗೆ ವಿಮಾನದಲ್ಲಿ ವೈದ್ಯರನ್ನು ಕಳಿಸಲು ಶುರುಮಾಡಿದರು; ಅದು ಸೇವೆ. ಹೊಲ ಅಡವಿಡಬಲ್ಲವರಿಗೆ ಮಾತ್ರ ಸಿಗುವ ವಿಮಾನ ಸೇವೆಯಲ್ಲ, ವ್ಯಾಪಾರ. ಮಧ್ಯಪ್ರದೇಶ ಸರ್ಕಾರ 2024ರಲ್ಲಿ ಆಯುಷ್ಮಾನ್ ಕಾರ್ಡ್ ಇರುವವರಿಗೆ ಏರ್ ಆಂಬುಲೆನ್ಸ್ ಉಚಿತ ಮಾಡಿತು. ಬೀದರಿನಲ್ಲೂ ಕಲಬುರಗಿಯಲ್ಲೂ ರನ್‌ವೇಗಳಿವೆ. ನಮ್ಮ ಕರ್ನಾಟಕ ಸರ್ಕಾರವೂ ಈ ಕೆಲಸ ಮಾಡಲಿ, ಬೇಗ ಮಾಡಲಿ.